ಎಲ್ಲರೂ ತಮ್ಮನ್ನು ಉಳಿಸಿಕೊಂಡಾಗ

ಗಾಳಿಮಳೆಗೆ ಕರೆಂಟು ಹೋಗುವುದು ನಮಗೆ ಸುದ್ದಿಯೇ ಅಲ್ಲ. ಕೊಂಬೆ ತಂತಿಗೆ ತಾಗುತ್ತದೆ, ಲೈನ್‌ಮ್ಯಾನ್ ಬರುತ್ತಾನೆ, ದೀಪ ಹತ್ತುತ್ತದೆ. ಆದರೆ ಎಲ್ಲೋ ಉರುಳಿದ ಕೆಲವು ಟವರುಗಳಿಂದ ಇಡೀ ರಾಜ್ಯ ಕತ್ತಲಾಗುವುದು ಹೇಗೆ? ನಾನು ಎಂಜಿನಿಯರ್ ಅಲ್ಲ. ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಹೊಣೆಗಾರಿಕೆ ನನ್ನ ವಿಷಯ. ಹಾಗಾಗಿ ನನಗೆ ಇದು ವಿದ್ಯುತ್ತಿನಷ್ಟೇ ನೀತಿಯ ಪ್ರಶ್ನೆಯೂ ಹೌದು.

2016ರ ಸೆಪ್ಟೆಂಬರ್ 28ರ ಇಳಿಹಗಲು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸುಂಟರಗಾಳಿ ಬೀಸಿ ಪ್ರಸರಣ ಮಾರ್ಗದ ಟವರುಗಳು ಉರುಳಿದವು. ಎರಡು ನಿಮಿಷಗಳಲ್ಲಿ ಆರು ಸಲ ವೋಲ್ಟೇಜ್ ಕುಸಿಯಿತು. ಅಲ್ಲಿನ ಗಾಳಿಯಂತ್ರಗಳು ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವಂಥವೇ. ವೋಲ್ಟೇಜ್ ಇಂತಿಷ್ಟು ಸಲ ಕುಸಿದರೆ ಉತ್ಪಾದನೆ ತಗ್ಗಿಸಿ ತಮ್ಮನ್ನು ಕಾಪಾಡಿಕೊಳ್ಳುವಂತೆ ಅವುಗಳಲ್ಲಿ ಹಲವನ್ನು ಹೊಂದಿಸಲಾಗಿತ್ತು. ಏಳು ಸೆಕೆಂಡಿನೊಳಗೆ ಒಂಬತ್ತು ಪವನ ವಿದ್ಯುತ್ ಘಟಕಗಳಿಂದ 456 ಮೆಗಾವ್ಯಾಟ್ ಇಲ್ಲವಾಯಿತು. ಆ ಭಾರವೆಲ್ಲ ನೆರೆಯ ವಿಕ್ಟೋರಿಯಾದಿಂದ ಬರುವ ಮಾರ್ಗದ ಮೇಲೆ ಬಿತ್ತು. ಅದೂ ತನ್ನ ರಕ್ಷಣೆಗಾಗಿ ಕಳಚಿಕೊಂಡಿತು. ಸುಮಾರು 8.5 ಲಕ್ಷ ಗ್ರಾಹಕರಿಗೆ ವಿದ್ಯುತ್ ಇಲ್ಲವಾಯಿತು.

ಇಲ್ಲಿ ಯಂತ್ರಗಳಾವುವೂ ಕೆಟ್ಟಿರಲಿಲ್ಲ. ಪ್ರತಿಯೊಂದೂ ತನಗೆ ಹೇಳಿಕೊಟ್ಟದ್ದನ್ನು ಸರಿಯಾಗಿಯೇ ಮಾಡಿತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಒಬ್ಬೊಬ್ಬರಾಗಿ ಕಡ್ಡಿ ಇಳಿಸುತ್ತ ಹೋದರೆ ಕೊನೆಗೆ ನಿಂತವನು ಹೊರೆಯಡಿ ಕುಸಿಯುತ್ತಾನೆ. ಇಳಿಸಿದವರಲ್ಲಿ ಯಾರನ್ನೂ ಕೆಟ್ಟವರೆನ್ನಲಾಗದು.

ಹಾಗಾದರೆ ಒಬ್ಬರನ್ನೊಬ್ಬರು ನೆಚ್ಚದೆ ದೂರವಿರುವುದೇ ಕ್ಷೇಮವೇ? 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಯಿತು. ಎರಡನೆಯ ದಿನ ಪೂರ್ವ, ಈಶಾನ್ಯ ಭಾಗಗಳೂ ಸೇರಿದವು. ಆಗ ಬಿರುಗಾಳಿಯೂ ಇರಲಿಲ್ಲ. ಬೀನಾ–ಗ್ವಾಲಿಯರ್ ಮಾರ್ಗದ ಮೇಲೆ ಹೊರೆ ಹೆಚ್ಚಿ, ಅದನ್ನು ದೋಷವೆಂದು ಬಗೆದು ರಕ್ಷಣಾ ಸಾಧನ ಮಾರ್ಗವನ್ನು ಕಡಿದಿತ್ತು. ದಕ್ಷಿಣದ ಗ್ರಿಡ್ ಉಳಿದವುಗಳ ಜೊತೆ ಒಂದೇ ಲಯದಲ್ಲಿ ಬೆಸೆದುಕೊಂಡಿರದ ಕಾರಣ ನಾವು ಪಾರಾದೆವು. ಆದರೂ 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ಬೆಸೆದುಕೊಂಡೆವು. ಇದನ್ನು ದಡ್ಡತನ ಎನ್ನಲಾರೆ. ಒಂಟಿಯಾಗಿದ್ದವನು ಬೇರೆಯವರ ಬಿರುಗಾಳಿಯಿಂದ ಪಾರಾಗಬಹುದು, ತನ್ನ ಬಿರುಗಾಳಿಯಲ್ಲಿ ಅವನಿಗೆ ಹೆಗಲು ಕೊಡುವವರಿರುವುದಿಲ್ಲ.

ಇನ್ನೊಂದು ತುದಿಯ ಉತ್ತರವೂ ಇದೆ: ಏನೇ ಬಂದರೂ ಹೊರುತ್ತಲೇ ಇರಬೇಕು, ಬಿಡಬಾರದು. ಮನೆಗಳಲ್ಲಿ ಹೆಂಗಸರಿಗೆ, ಕಚೇರಿಗಳಲ್ಲಿ ಕಿರಿಯರಿಗೆ ನಾವು ಹೇಳಿಕೊಂಡು ಬಂದ ನೀತಿ ಇದೇ. ಆದರೆ ಮಿತಿ ಮೀರಿ ಹೊತ್ತ ಯಂತ್ರ ಸುಟ್ಟುಹೋಗುತ್ತದೆ. ಕತ್ತಲು ಒಂದು ರಾತ್ರಿಯದು. ಸುಟ್ಟದ್ದನ್ನು ಸರಿಪಡಿಸಲು ತಿಂಗಳುಗಳೇ ಬೇಕಾಗಬಹುದು. ಕಳಚಿಕೊಳ್ಳುವ ಹಕ್ಕು ಸ್ವಾರ್ಥವಲ್ಲ.

ಆಸ್ಟ್ರೇಲಿಯಾದ ತನಿಖೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ಗಾಳಿಯಂತ್ರಗಳಿಗೆ ಅಂಥದೊಂದು ಮಿತಿ ಇದೆಯೆಂಬುದು ಗ್ರಿಡ್ ನಡೆಸುವವರಿಗೆ ಆ ದಿನದವರೆಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಆ ಮಿತಿಯನ್ನು ಬದಲಿಸಿ, ಇನ್ನೂ ಹೆಚ್ಚು ಕುಸಿತಗಳನ್ನು ತಾಳುವಂತೆ ಹೊಂದಿಸಲಾಯಿತು.

ಮಿತಿ ಇರುವುದು ತಪ್ಪಲ್ಲ, ಅದು ಯಾರಿಗೂ ಗೊತ್ತಿಲ್ಲದಿರುವುದು ಅಪಾಯ. ಒಬ್ಬರನ್ನೊಬ್ಬರು ನೆಚ್ಚಿ ಬದುಕುವವರ ಮೊದಲ ಕರ್ತವ್ಯ ತ್ಯಾಗವೆಂದು ನಮಗೆ ಕಲಿಸಿದ್ದಾರೆ. ಅದಕ್ಕೂ ಮೊದಲಿನದೊಂದಿದೆ ಎಂದು ನನಗನ್ನಿಸುತ್ತದೆ: ‘ನನ್ನಿಂದ ಇಷ್ಟೇ ಆಗುತ್ತದೆ’ ಎಂದು ಬಿಸಿಲಿರುವಾಗಲೇ ಹೇಳುವುದು, ಹೇಳಿದವರನ್ನು ಹೀಗಳೆಯದೆ ಕೇಳಿಸಿಕೊಳ್ಳುವುದು. ಬಿರುಗಾಳಿ ಬಂದ ಮೇಲೆ ಅದಕ್ಕೆ ಏಳು ಸೆಕೆಂಡೂ ಸಿಗುವುದಿಲ್ಲ.