ಕಾಯಕದ ಆಯ್ಕೆ

ಕಾಯಕವು ಶುದ್ಧವಾಗಿರಬೇಕೆಂಬುದನ್ನು ಅರಿಯದ ಭಕ್ತರಿಲ್ಲ. ಆದರೆ ಎರಡು ಕಾಯಕಗಳು ಏಕಕಾಲದಲ್ಲಿ ಬಾಗಿಲಿಗೆ ಬಂದು ನಿಂತಾಗ ಯಾವುದನ್ನು ಕೈಕೊಳ್ಳಬೇಕೆಂಬುದು ಇಂದು ಅನೇಕ ಗೃಹಸ್ಥರ ಮನೆಯ ಪ್ರಶ್ನೆಯಾಗಿದೆ.

ತುಮಕೂರಿನ ಸಮೀಪದ ಹಿರೇಹಳ್ಳಿಯಲ್ಲಿ ಒಂದು ಕಡೆ ತೋಟಗಾರಿಕೆಯ ಪ್ರಯೋಗಕೇಂದ್ರ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. ಅಲ್ಲಿಯ ರೈತನ ಮಗನೊಬ್ಬನು, 1963ರಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸ್ಥಾಪಿಸಿದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದಲ್ಲಿ ಓದಿ, ತಂತ್ರಾಂಶ ರಚನೆಯನ್ನು ಕಲಿತನೆಂದು ಭಾವಿಸಬಹುದು. ಬೆಂಗಳೂರಿನ ಎರಡು ಕಂಪನಿಗಳಿಂದ ಅವನಿಗೆ ಕರೆ ಬಂದಿದೆ. ಒಂದು, ಮೊಬೈಲಿನ ಮೂಲಕ ಬಡವರಿಗೆ ಸಾಲ ಕೊಟ್ಟು ಬಡ್ಡಿಯ ನಿಜವನ್ನು ಮರೆಮಾಚುವಂಥದು. ಇನ್ನೊಂದು, ಆಸ್ಪತ್ರೆಗಳ ದಾಖಲೆಗಳಿಗೆ ತಂತ್ರಾಂಶ ರಚಿಸುವಂಥದು. ಸಂಬಳ ಮೊದಲನೆಯದರ ಅರ್ಧ. ಮನೆಯಲ್ಲಿಯೋ ಕೊಳವೆಬಾವಿಯ ಸಾಲವಿದೆ.

ತಾನು ಬರೆಯುವುದು ಬರಿಯ ಸೂತ್ರ, ಅದರ ಪಾಪಪುಣ್ಯ ಒಡೆಯನದು ಎಂದು ಅವನು ಸಮಾಧಾನ ಹೇಳಿಕೊಳ್ಳಬಹುದು. ಆ ಮಾತು ನಿಲ್ಲುವುದಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯನಿಗೆ ಕೊಳ್ಳುವವನ ಮುಖವು ಕಾಣುತ್ತಿತ್ತು. ತಂತ್ರಾಂಶ ರಚಿಸುವವನಿಗೆ ಕಾಣುವುದಿಲ್ಲ. ಕಾಣದಿರುವುದರಿಂದ ಹೊಣೆಯು ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ಪಹಣಿಗಳು 2001ರ ವೇಳೆಗೆ ‘ಭೂಮಿ’ ಯೋಜನೆಯಿಂದ ಗಣಕಯಂತ್ರಕ್ಕೆ ಬಂದು, ತಾಲ್ಲೂಕು ಕಛೇರಿಯಲ್ಲಿ ರೈತನ ಕೈಗೆ ದೊರೆಯುವಂತಾದುವು. ಅದನ್ನು ರಚಿಸಿದವರನ್ನು ರೈತನು ಕಂಡಿಲ್ಲ. ಅವರ ಶ್ರದ್ಧೆಯ ಫಲವನ್ನು ಮಾತ್ರ ಉಂಡಿದ್ದಾನೆ. ಕಾಣದವರಿಗೆ ಒಳಿತಾಗುವಂತೆಯೇ ಕಾಣದವರಿಗೆ ಕೇಡೂ ಆಗಬಲ್ಲುದು.

ಹಾಗಾದರೆ ಸಾಲದ ಗತಿಯೇನು? ಇದು ಹಗುರವಾದ ಪ್ರಶ್ನೆಯಲ್ಲ. ಹಸಿದ ಮನೆಗೆ ನೀತಿಯನ್ನು ಬೋಧಿಸುವುದು ಸುಲಭ, ಸಲ್ಲದು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನಡೆಯು ದಾರಿ ತೋರುತ್ತದೆ. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಆಕೆ ಹೇಳಿದಳು. ಅಂದಿನ ಅಡಿಗೆಗೆ ಎಷ್ಟು ಬೇಕೆಂಬುದು ಆಕೆಗೆ ತಿಳಿದಿದ್ದುದರಿಂದಲೇ ಹೆಚ್ಚಾದುದು ಯಾವುದೆಂಬುದೂ ತಿಳಿಯಿತು. ಅಗತ್ಯವನ್ನು ಅಳೆಯದವನಿಗೆ ಆಸೆಯೆಲ್ಲವೂ ಅಗತ್ಯವಾಗಿಯೇ ತೋರುವುದು.

ಆದುದರಿಂದ ತರುಣನು ತಂದೆಯೊಡನೆ ಕುಳಿತು ಸಾಲವೆಷ್ಟು, ತಿಂಗಳ ಖರ್ಚೆಷ್ಟು ಎಂದು ಬರೆದು ನೋಡಲಿ. ಅರ್ಧ ಸಂಬಳದಲ್ಲಿ ಸಾಲವು ಎರಡು ವರ್ಷ ತಡವಾಗಿ ತೀರುವುದಾದರೆ ಆ ತಡವನ್ನು ಸೈರಿಸಬಹುದು. ತೀರುವಂತೆಯೇ ಇಲ್ಲವಾದರೆ ಮೂರನೆಯ ಕೆಲಸವನ್ನು ಹುಡುಕಲಿ. ಮೊದಲನೆಯದಕ್ಕೆ ಮರಳುವುದು ಬೇಡ. ತನ್ನ ಮನೆಯ ಸಾಲವನ್ನು ತೀರಿಸಲು ಇನ್ನೊಂದು ಮನೆಯನ್ನು ಸಾಲದಲ್ಲಿ ಕೆಡಹುವುದು ಕಾಯಕವೆನಿಸದು. ಮಗನು ಕಡಿಮೆ ಸಂಬಳವನ್ನು ಆಯ್ದುಕೊಂಡಾಗ ನೆರೆಯವರ ಮಗನೊಡನೆ ಅವನನ್ನು ತೂಗದಿರುವುದು ತಂದೆತಾಯಿಗಳ ಪಾಲಿನ ಕಾಯಕ. ಅಂಥ ಮನೆಯ ಅನ್ನವೇ ದಾಸೋಹಕ್ಕೆ ಯೋಗ್ಯವಾದುದು.