ಎರಡನೆಯ ಪ್ರಮಾಣ

ಕಳೆದ ವರ್ಷ ಬಿ.ಎ. ತರಗತಿಯೊಂದರಲ್ಲಿ ಕೆಂಪುಕೋಟೆಯ ಮೊಕದ್ದಮೆಯ ಬಗ್ಗೆ ಪಾಠ ಮಾಡುತ್ತಿದ್ದೆ. ನನ್ನ ಪಿಎಚ್.ಡಿ. ವಿಷಯವೂ ಅದೇ ಆದ್ದರಿಂದ ಅವತ್ತು ಉತ್ಸಾಹ ತುಸು ಹೆಚ್ಚೇ ಇತ್ತು. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಕೊಲೆ ಆರೋಪಾನೂ ಇತ್ತು ಅಂದ್ರಲ್ಲ, ಸತ್ತೋರು ಯಾರು?"

"ಅದು ಬ್ರಿಟಿಷರು ಜೊತೆಗೆ ಸೇರಿಸಿದ್ದು, ಅಷ್ಟು ಮುಖ್ಯ ಅಲ್ಲ" ಎಂದುಬಿಟ್ಟೆ. ಗಂಟೆ ಹೊಡೆಯಿತು. ಅವಳು ಕುಳಿತಳು. ನನಗೆ ಮಾತ್ರ ಆ ಪ್ರಶ್ನೆಯಿಂದ ಇನ್ನೂ ಬಿಡುಗಡೆ ಸಿಕ್ಕಿಲ್ಲ. ಯಾಕೆಂದರೆ ಸತ್ತವನ ಹೆಸರು ನನಗೆ ಗೊತ್ತಿತ್ತು. ನನ್ನ ಪ್ರಬಂಧದ ಕರಡಿನಲ್ಲಿ ಅವನನ್ನು ಒಂದು ಅಡಿಟಿಪ್ಪಣಿಯಲ್ಲಿ ಕೂರಿಸಿ ಮುಂದೆ ಹೋಗಿದ್ದೆ.

ಕಥೆಯ ಹೊರರೂಪ ನಮಗೆಲ್ಲ ಗೊತ್ತಿರುವುದೇ. ಯುದ್ಧ ಮುಗಿದ ಮೇಲೆ, 1945ರ ನವೆಂಬರ್ 5ರಂದು, ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳ ಕೋರ್ಟ್ ಮಾರ್ಷಲ್ ದೆಹಲಿಯ ಕೆಂಪುಕೋಟೆಯಲ್ಲಿ ಶುರುವಾಯಿತು. ಶಾನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್. ಒಬ್ಬ ಮುಸ್ಲಿಂ, ಒಬ್ಬ ಹಿಂದೂ, ಒಬ್ಬ ಸಿಖ್ ಒಂದೇ ಕಟಕಟೆಯಲ್ಲಿ ನಿಂತದ್ದನ್ನು ನೋಡಿ ದೇಶ ಉರಿದೆದ್ದಿತು. ಎಷ್ಟೋ ವರ್ಷ ಮೂಲೆಗಿಟ್ಟಿದ್ದ ವಕೀಲರ ಕೋಟನ್ನು ನೆಹರೂ ಮತ್ತೆ ತೊಟ್ಟರು. ವಾದ ಮಂಡಿಸಿದವರು ಭೂಲಾಭಾಯಿ ದೇಸಾಯಿ.

ದೇಸಾಯಿಯವರ ವಾದದ ತಿರುಳು ಇಷ್ಟು: 1943ರ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಸ್ಥಾಪನೆಯಾದದ್ದು ಒಂದು ಸರ್ಕಾರ. ಅದಕ್ಕೊಂದು ಸಂಘಟಿತ ಸೈನ್ಯ, ಆ ಸೈನ್ಯಕ್ಕೊಂದು ಕಾನೂನು ಇತ್ತು. ಪರಾಧೀನ ಜನಕ್ಕೆ ಬಿಡುಗಡೆಗಾಗಿ ಯುದ್ಧ ಹೂಡುವ ಹಕ್ಕಿದೆ. ಅಂಥ ಯುದ್ಧದಲ್ಲಿ ಮಾಡಿದ್ದನ್ನು ಸಾಮಾನ್ಯ ಅಪರಾಧವೆಂದು ಅಳೆಯಲಾಗದು. ಶಾನವಾಜ್ ತಮ್ಮ ಹೇಳಿಕೆಯಲ್ಲಿ ಇದನ್ನೇ ಬದುಕಿನ ಭಾಷೆಯಲ್ಲಿ ಹೇಳಿದರು. ಅವರದು ತಲೆಮಾರುಗಳಿಂದ ಸೈನ್ಯದಲ್ಲಿದ್ದ ಮನೆತನ. ಅರಸನೋ ದೇಶವೋ ಎಂಬ ಪ್ರಶ್ನೆ ಎದುರಾದಾಗ ಅವರು ದೇಶವನ್ನು ಆರಿಸಿಕೊಂಡರು.

ಇಲ್ಲಿಯವರೆಗೆ ನನಗೆ ತಕರಾರಿಲ್ಲ. ಕೊಟ್ಟ ಮಾತನ್ನು ಕಣ್ಣುಮುಚ್ಚಿ ಪಾಲಿಸುವುದೇ ನಿಷ್ಠೆಯಲ್ಲ. ಯಾರಿಗೆ, ಯಾವ ಸ್ಥಿತಿಯಲ್ಲಿ ಮಾತು ಕೊಟ್ಟೆ ಎಂದು ಕೇಳಿಕೊಳ್ಳುವ ಹಕ್ಕು ಮನುಷ್ಯನಿಗಿದೆ.

ತೊಡಕು ಇರುವುದು ಬರ್ಮಾದ ಪೋಪಾ ಬೆಟ್ಟದಲ್ಲಿ. 1945ರ ಮಾರ್ಚ್. ಇಂಫಾಲದ ಸೋಲಿನ ಮರುವರ್ಷ. ಬ್ರಿಟಿಷ್ ಪಡೆ ಮೇಲೇರಿ ಬರುತ್ತಿತ್ತು. ಫೌಜಿನ ಕೆಲವು ಅಧಿಕಾರಿಗಳೇ ಶತ್ರುವಿನ ಕಡೆಗೆ ಹೋಗಿಬಿಟ್ಟಿದ್ದರು. ಹಾಗೆ ಓಡಿಹೋಗಲು ಹೊರಟವನೆಂದು ಮಹಮ್ಮದ್ ಹುಸೇನ್ ಎಂಬ ಸಿಪಾಯಿ ಸಿಕ್ಕಿಬಿದ್ದ. ಅವನನ್ನು ಗುಂಡಿಟ್ಟು ಕೊಲ್ಲಲಾಯಿತು ಎಂಬುದು ಆರೋಪ. ತಾನು ಮರಣದಂಡನೆ ವಿಧಿಸಲಿಲ್ಲ ಎಂದು ಶಾನವಾಜ್ ಹೇಳಿದರು. ನ್ಯಾಯಾಲಯ ಒಪ್ಪದೆ ಕೊಲೆಗೆ ಕುಮ್ಮಕ್ಕು ಕೊಟ್ಟದ್ದು ಸಾಬೀತಾಯಿತೆಂದಿತು. ಇನ್ನೂ ನಾಲ್ವರು ಸಿಪಾಯಿಗಳ ಕೊಲೆಯ ಆರೋಪದಿಂದ ಸೆಹಗಲ್ ಮತ್ತು ಧಿಲ್ಲೋನ್ ಖುಲಾಸೆಯಾದರು.

ತೀರ್ಪಿನ ಸರಿತಪ್ಪನ್ನು ಪಕ್ಕಕ್ಕಿಡೋಣ. ನನ್ನನ್ನು ಕಾಡುವುದು ಬೇರೆ. ಮೊದಲ ಪ್ರಮಾಣವನ್ನು ಮುರಿಯುವ ಹಕ್ಕು ಅಧಿಕಾರಿಗೆ ಇತ್ತು ಎನ್ನುವುದಾದರೆ, ಎರಡನೆಯದನ್ನು ಮುರಿಯುವ ಹಕ್ಕು ಸಿಪಾಯಿಗೆ ಯಾಕಿರಲಿಲ್ಲ?

ಇದಕ್ಕೆ ಗಟ್ಟಿ ಉತ್ತರವೊಂದಿದೆ. ಫೌಜಿಗೆ ಸೇರಿದವರು ಸ್ವಯಂಸೇವಕರು. ರಣರಂಗಕ್ಕೆ ಹೋಗುವ ಮುನ್ನ, ಮನಸ್ಸಿಲ್ಲದವರು ಹಿಂದೆ ಉಳಿಯಬಹುದೆಂದು ಹೇಳಲಾಗಿತ್ತು ಎಂದು ಆಪಾದಿತರು ವಾದಿಸಿದ್ದರು. ಬಾಗಿಲು ತೆರೆದಿದ್ದಾಗ ಹೋಗದೆ, ಶತ್ರು ಎದುರಿಗಿರುವಾಗ ಹೋದವನು ಜೊತೆಗಾರರ ಪ್ರಾಣವನ್ನೇ ಒತ್ತೆಯಿಡುತ್ತಾನೆ. ಯಾವ ಸೈನ್ಯ ಇದನ್ನು ಸಹಿಸುತ್ತದೆ?

ಒಪ್ಪುತ್ತೇನೆ. ಆದರೆ ಆ 'ಸ್ವಯಂ' ಎಂಬುದರ ತೂಕ ಎಲ್ಲರಿಗೂ ಒಂದೇ ಆಗಿತ್ತೇ? 1942ರ ಫೆಬ್ರವರಿ 17ರಂದು ಸಿಂಗಪುರದ ಫ್ಯಾರರ್ ಪಾರ್ಕಿನಲ್ಲಿ ಭಾರತೀಯ ಸೈನಿಕರನ್ನು ಬ್ರಿಟಿಷರು ಜಪಾನೀಯರ ಕೈಗೆ ಒಪ್ಪಿಸಿದರು. ಅವರಲ್ಲಿ ದೇಶಕ್ಕಾಗಿ ಸೇರಿದವರಿದ್ದರು, ಗೆಳೆಯರು ಸೇರಿದರೆಂದು ಸೇರಿದವರಿದ್ದರು, ಸೆರೆಶಿಬಿರದ ಹಸಿವಿಗೆ ಹೆದರಿ ಸೇರಿದವರಿದ್ದರು. ಸೇರದೆ ಉಳಿದವರಲ್ಲಿ ಸಾವಿರಾರು ಮಂದಿಯನ್ನು ಜಪಾನೀಯರು ನ್ಯೂಗಿನಿಯಂಥ ಕಡೆಗೆ ಕೂಲಿಗೆ ಸಾಗಿಸಿದರು. ಅಧಿಕಾರಿಗೆ ತನ್ನ ಆತ್ಮಸಾಕ್ಷಿಯನ್ನು ವಿವರಿಸಲು ಕೆಂಪುಕೋಟೆ ಸಿಕ್ಕಿತು, ದೇಸಾಯಿ ಸಿಕ್ಕರು. ಹುಸೇನನ ಮನಸ್ಸಿನಲ್ಲಿ ಏನಿತ್ತೆಂದು ಕೇಳಿ ಬರೆದುಕೊಂಡವರಿಲ್ಲ. ಅವನ ಹೆಸರು ನಮಗೆ ದಕ್ಕಿದ್ದು ಆರೋಪಪಟ್ಟಿಯಿಂದ. ಅಲ್ಲೂ ಅವನ ಸಾವು ಬ್ರಿಟಿಷರ ಕೈಯ ಆಯುಧವಾಗಿತ್ತೇ ಹೊರತು ಅವನ ಮೇಲಿನ ಮರುಕದಿಂದ ಅದು ದಾಖಲಾದದ್ದಲ್ಲ.

ಮೂವರಿಗೂ ಆಜೀವ ಗಡೀಪಾರಿನ ಶಿಕ್ಷೆಯಾಯಿತು. 1946ರ ಜನವರಿ 3ರಂದು ಸೇನಾಧಿಪತಿ ಆಕಿನ್ಲೆಕ್ ಅದನ್ನು ರದ್ದುಮಾಡಿ, ಸೇನೆಯಿಂದ ವಜಾ ಮಾಡಿದ್ದನ್ನು ಮಾತ್ರ ಉಳಿಸಿದರು. ನಿಷ್ಠೆ ತೊರೆದು ತನ್ನ ಪ್ರಭುತ್ವದ ಮೇಲೆ ಯುದ್ಧ ಮಾಡಿದ ಸೈನಿಕನನ್ನು ಯಾವ ಸರ್ಕಾರವೂ ಒಪ್ಪದು ಎಂಬುದು ಅವರ ನಿಲುವು. ಸ್ವಾತಂತ್ರ್ಯ ಬಂದ ಮೇಲೆ, ಈ ಮೂವರಿಗಾಗಿ ವಕೀಲರ ಕೋಟು ತೊಟ್ಟಿದ್ದ ನೆಹರೂ ಅವರ ಸರ್ಕಾರವೂ ಫೌಜಿನವರನ್ನು ಸೇನೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ಹೊಸ ಪ್ರಭುತ್ವಕ್ಕೂ ಮುರಿಯದ ಪ್ರಮಾಣವೇ ಬೇಕಿತ್ತು.

ಅಂದರೆ ಪ್ರಮಾಣ ಮುರಿಯುವುದನ್ನು ಮೆಚ್ಚುವ ನಾವೆಲ್ಲ, ನಮ್ಮ ಪರವಾಗಿ ಮುರಿದದ್ದನ್ನು ಮಾತ್ರ ಮೆಚ್ಚುತ್ತೇವೆ. ಆತ್ಮಸಾಕ್ಷಿಯ ಹೆಸರಿನಲ್ಲಿ ಎದ್ದವನಿಗೆ ನಿಜವಾದ ಪರೀಕ್ಷೆ ಎದುರಾಗುವುದು ಕಟಕಟೆಯಲ್ಲಿ ಅಲ್ಲ. ತನ್ನ ಕೈಕೆಳಗಿನವನು 'ನನಗೆ ಸಾಕು' ಎಂದ ಗಳಿಗೆಯಲ್ಲಿ. ಇದನ್ನು ಹೇಳುವುದರಿಂದ ಆ ಮೂವರ ತ್ಯಾಗ ಕುಗ್ಗುವುದಿಲ್ಲ. ಹೇಳದೆ ಬಿಟ್ಟರೆ ನಮ್ಮ ಗೌರವ ಮಾತ್ರ ಅರ್ಧ ಸುಳ್ಳಾಗುತ್ತದೆ.

ಅಡಿಟಿಪ್ಪಣಿಯಲ್ಲಿದ್ದವನನ್ನು ಈಗ ಅಧ್ಯಾಯದೊಳಕ್ಕೆ ತಂದಿದ್ದೇನೆ. ಆ ಹುಡುಗಿ ಪದವಿ ಮುಗಿಸಿ ಹೋಗಿದ್ದಾಳೆ. ಅವಳಿಗೆ ನಾನು ಅವತ್ತೇ ಕೊಡಬೇಕಾಗಿದ್ದ ಉತ್ತರ ಒಂದೇ ಒಂದು ಹೆಸರಿನಷ್ಟಿತ್ತು: ಮಹಮ್ಮದ್ ಹುಸೇನ್.