ಬಡಿಸುವ ಕೈ

“ಬಡಿಸುವವನು ನಮ್ಮವನಾದರೆ ಕಡೆಯ ಪಂಕ್ತಿಯಲ್ಲಿ ಕುಳಿತರೇನು?” ಎಂಬ ಗಾದೆ ಕನ್ನಡಿಗರಿಗೆಲ್ಲ ಪರಿಚಿತವಾದುದೇ. ಲೋಕವ್ಯವಹಾರದಲ್ಲಿ ಇದು ಜಾಣ್ಮೆಯೆನಿಸಬಹುದು. ಧರ್ಮದೃಷ್ಟಿಯಿಂದ ನೋಡಿದರೆ ಬೇರೊಂದು ಪ್ರಶ್ನೆಯೇಳುತ್ತದೆ: ಬಡಿಸುವವನು ಯಾರಿಗೆ ತಮ್ಮವನಲ್ಲವೋ ಅವರ ಗತಿಯೇನು?

ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಯೆರೂಸಲೇಮಿನ ಕ್ರೈಸ್ತಸಭೆಗೆ ಈ ಪ್ರಶ್ನೆಯೇ ಎದುರಾಯಿತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯನ್ನಾಡುವವರ ವಿಧವೆಯರು ಉಪೇಕ್ಷಿತರಾಗುತ್ತಿದ್ದಾರೆಂಬ ಗುಣುಗುಟ್ಟುವಿಕೆ ಹುಟ್ಟಿತೆಂದು ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದ ಆರನೆಯ ಅಧ್ಯಾಯದಲ್ಲಿದೆ. ಪರಿಹಾರಕ್ಕಾಗಿ ಏಳು ಮಂದಿಯನ್ನು ಆರಿಸಿದರು. ಏಳೂ ಗ್ರೀಕ್ ಹೆಸರುಗಳೇ. ಅವರಲ್ಲಿ ಕಡೆಯವನು ಅಂತಿಯೋಕ್ಯದ ನಿಕೊಲಾಯ. ಹುಟ್ಟಿನಿಂದ ಯೆಹೂದ್ಯನಲ್ಲ, ಆ ಮತವನ್ನು ತಾನಾಗಿ ಕೈಕೊಂಡು ಬಂದವನು. ಈ ಏಳ್ವರನ್ನೇ ಮೊದಲ ಸಭಾಸೇವಕರೆಂದು ಪರಂಪರೆಯು ಎಣಿಸುತ್ತದೆ. ಮೂಲದಲ್ಲಿ ಅನ್ನದ ಸೇವೆಗೂ ಉಪದೇಶದ ಸೇವೆಗೂ ‘ದಿಯಾಕೊನಿಯ’ ಎಂಬ ಒಂದೇ ಶಬ್ದ ಪ್ರಯುಕ್ತವಾಗಿರುವುದು ಗಮನಾರ್ಹ.

ಇದರಿಂದ ಪಕ್ಷಪಾತದ ದಿಕ್ಕು ಬದಲಾಯಿತೇ ಹೊರತು ಪಕ್ಷಪಾತವೇ ಅಳಿಯಿತೆ ಎಂದು ಕೇಳಬಹುದು. ಆಕ್ಷೇಪವು ನ್ಯಾಯವಾದುದೇ. ಆದರೆ ಏಳ್ವರು ಒಂದು ಪಂಗಡದ ವಿಧವೆಯರಿಗಾಗಿ ಮಾತ್ರ ನೇಮಕಗೊಂಡರೆಂದು ಗ್ರಂಥವು ಹೇಳುವುದಿಲ್ಲ. ದೂರು ಹೇಳಿದವರ ಕಡೆಗೇ ಹಂಚಿಕೆಯ ಹೊಣೆ ಬಂದಿತು. ಉಪೇಕ್ಷೆಯ ನೋವನ್ನು ಬಲ್ಲವನು ಮತ್ತೊಬ್ಬನ ಬರಿಯ ಎಲೆಯನ್ನು ಬೇಗ ಗುರುತಿಸುವನೆಂಬ ನಂಬಿಕೆ ಅಲ್ಲಿದ್ದಿರಬೇಕು.

ಕನ್ನಡನಾಡಿನಲ್ಲಿ ಇದೇ ತತ್ತ್ವ ವಿಪರೀತಕ್ರಮದಲ್ಲಿ ಕಾಣಿಸಿಕೊಂಡಿತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಜನಿಸಿದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರ ಕಾಲದಲ್ಲಿ ಕ್ರೈಸ್ತಮತವನ್ನು ಸೇರಿದರು. ಯೂರೋಪಿನಲ್ಲಿ ವ್ಯಾಸಂಗ ಮಾಡಿ 1851ರಲ್ಲಿ ಗುರುದೀಕ್ಷೆ ಪಡೆದರು. ಇವರು ಹೊರಗಿನಿಂದ ಬಂದವರಾದರೂ ಕಡೆಯ ಪಂಕ್ತಿಯವರಲ್ಲ. ಮೊದಲನೆಯ ಪಂಕ್ತಿಯಿಂದ ಎದ್ದುಬಂದವರು. ಕೊಡಗಿನಲ್ಲಿ ಅಸ್ಪೃಶ್ಯರೆನಿಸಿಕೊಂಡು ಪರರ ನೆಲದಲ್ಲಿ ದುಡಿಯುತ್ತಿದ್ದ ಕುಟುಂಬಗಳು ಕ್ರೈಸ್ತರಾದಾಗ ಅವರಿಗೆ ನೆಲೆಯಾದ ಊರು ಆನಂದಪುರ. ಭೂಮಿಯನ್ನು ಒದಗಿಸಿಕೊಟ್ಟ ಕೌಂಡಿನ್ಯರ ಹೆಸರೇ ಆ ಊರಿಗಾಯಿತು. ಯಾರ ನೆರಳು ಬಿದ್ದರೆ ಮೈಲಿಗೆಯೆಂದು ಅವರ ಕುಲಾಚಾರವು ಎಣಿಸುತ್ತಿತ್ತೋ ಅಂಥವರಿಗೆ ನಿಲ್ಲಲು ನೆಲವಾಯಿತು.

ನಿಕೊಲಾಯನ ಕೈಗೆ ಸಭೆಯು ಹೊಣೆಯನ್ನು ಕೊಟ್ಟಿತು. ಕೌಂಡಿನ್ಯರು ತಮ್ಮ ಕೈಯಲ್ಲಿದ್ದುದನ್ನು ಕೊಟ್ಟರು. ಮೊದಲನೆಯದು ಸಮಾಜದ ಪರೀಕ್ಷೆ. ಎರಡನೆಯದು ವ್ಯಕ್ತಿಯ ಪರೀಕ್ಷೆ. ಬಂದವನಿಗೆ ಎಲೆ ಹಾಕುವುದು ಆತಿಥ್ಯ. ಅವನ ಕೈಗೆ ಸೌಟನ್ನು ಕೊಡುವುದು ಬಂಧುತ್ವ. ಆತಿಥ್ಯದಲ್ಲಿ ನಮ್ಮ ದೊಡ್ಡತನಕ್ಕೆ ಕೊರತೆಯಿಲ್ಲ. ಬಂಧುತ್ವದಲ್ಲಿ ಅದನ್ನು ಸ್ವಲ್ಪವಾದರೂ ಬಿಟ್ಟುಕೊಡಬೇಕಾಗುತ್ತದೆ. ಆದುದರಿಂದಲೇ ಅತಿಥಿಸತ್ಕಾರಕ್ಕೆ ಹೆಸರಾದ ಮನೆಗಳಲ್ಲಿಯೂ ಸೌಟು ಸುಲಭವಾಗಿ ಕೈ ಬದಲಿಸುವುದಿಲ್ಲ.